ಹಿತ್ತಾಳೆ, ತಾಮ್ರದ ಭಾಂಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಅಟ್ಟದ ಮೇಲಿನ ಭಾಂಡೆ ಕೆಳಗಿಳಿಯುವುದು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ, ಇಲ್ಲವೇ ಅಣ್ಣ-ತಮ್ಮಂದಿರ ಪಾಲಿನ ದಿನ. ನನಗೆ ಹೆಚ್ಚು ಪ್ರಶ್ನೆ ಬರುವುದೂ ಆಗಲೇ. ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತಾಗ ಕೇಳಿದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ: ಈ ಭಾಂಡೆ ಇರುವುದು ಬಳಸಲಿಕ್ಕೆ. ಯಾವುದರಲ್ಲಿ ಏನು ಹಾಕಬೇಕು, ಏನು ಹಾಕಬಾರದು ಎಂಬ ತಿಳಿವಳಿಕೆ ಹೋದ ಮನೆಯಿಂದ ಭಾಂಡೆಯೂ ಗುಜರಿಗೆ ಹೋಗುತ್ತದೆ.

## ಸುರು ಮಾಡುವವರಿಗೆ

ಅಟ್ಟದ ಮ್ಯಾಲ ಹಳೇ ಭಾಂಡೆ ಭಾಳ ಅದಾವ್ರಿ. ತಾಮ್ರ ಯಾವುದು, ಹಿತ್ತಾಳಿ ಯಾವುದು, ಕಂಚು ಯಾವುದು, ಹೆಂಗ ಗುರ್ತು ಹಿಡಿಯೂದು?

ತಾಮ್ರ ಬೆರಕೆಯಿಲ್ಲದ ಒಂದೇ ಲೋಹ. ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಕೂಡಿಸಿದ್ದು. ಭಾಂಡೆಯ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 60ರಿಂದ 70 ಭಾಗ ತಾಮ್ರ ಇರುತ್ತದೆ. ಕಂಚು ತಾಮ್ರಕ್ಕೆ ತವರ ಕೂಡಿಸಿದ್ದು. ಗಂಟೆ ಮತ್ತು ಒಳ್ಳೆಯ ಗಂಗಾಳದ ಕಂಚಿನಲ್ಲಿ ತವರ ನೂರಕ್ಕೆ 22ರ ಆಸುಪಾಸು.

ಮಸಿ, ಕಿಲುಬು ಹಿಡಿದ ಮೇಲೆ ಮೂರೂ ಒಂದೇ ಬಣ್ಣಕ್ಕೆ ಬರುತ್ತವೆ. ಹಾಗಾಗಿ ತಳದ ಅಂಚಿನಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಹುಣಸೆಹಣ್ಣಿನಿಂದ ಬೆರಳಗಲ ತಿಕ್ಕಿ ನೋಡಿ. ಕೆಂಪಗೆ ಬಂದರೆ ತಾಮ್ರ, ಹಳದಿ ಬಂದರೆ ಹಿತ್ತಾಳೆ, ಮಂಕು ಕಂದು-ಹಳದಿ ಬಂದರೆ ಕಂಚು. ಬೆರಳ ಗೆಣ್ಣಿನಿಂದ ಬಡಿದರೆ ಕಂಚಿನ ದನಿ ಬಹಳ ಹೊತ್ತು ನಿಲ್ಲುತ್ತದೆ. ಕೈಜಾರಿ ಬಿದ್ದರೆ ತಾಮ್ರ, ಹಿತ್ತಾಳೆ ನೆಗ್ಗುತ್ತವೆ, ಕಂಚು ಸೀಳುತ್ತದೆ. ಕಂಚಿನ ತಾಟನ್ನು ಎಣಿಸುವಾಗ ಮಕ್ಕಳ ಕೈಗೆ ಕೊಡಬೇಡಿ.

ಒಳಗೆ ಬೆಳ್ಳಗೆ ಕಂಡರೆ ಬೆಳ್ಳಿಯೂ ಅಲ್ಲ, ಸ್ಟೀಲೂ ಅಲ್ಲ. ಅದು ಕಲಾಯಿ, ಅಂದರೆ ತವರದ ತೆಳು ಪದರ.

ನಮ್ಮನ್ಯಾಗ ಎಲ್ಲಾ ಸ್ಟೀಲೇ. ಮೊದಲ ಏನ್ ತಗೋಬೇಕ್ರಿ?

ಮುಚ್ಚಳ ಇರುವ ಒಂದು ತಾಮ್ರದ ತಂಬಿಗೆ, ಒಂದು ಹಿತ್ತಾಳೆ ಪರಾತ, ಒಂದು ಸಮೆ (ದೀಪದ ಕಂಬ). ಈ ಮೂರೂ ದಿನಾ ಕೈಗೆ ಬರುತ್ತವೆ. ಪರಾತದಲ್ಲಿ ಜೋಳದ ಹಿಟ್ಟು ನಾದಬಹುದು, ಸೊಪ್ಪು ಸೋಸಬಹುದು. ಅದರ ಭಾರದಿಂದಾಗಿ ನಾದುವಾಗ ಅತ್ತಿತ್ತ ಜರುಗುವುದಿಲ್ಲ. ಇವುಗಳ ಜೊತೆ ಒಂದು ವರ್ಷ ಬಾಳಿ, ತಿಕ್ಕುವ ರೂಢಿ ಬಿದ್ದ ಮೇಲೆ ಕಲಾಯಿ ಹಾಕಿದ ಹಿತ್ತಾಳೆ ಬೋಗುಣಿ ತನ್ನಿ. ಷೋಕೇಸಿಗೆಂದು ಹಿತ್ತಾಳೆ ಆನೆ, ಕುದುರೆ ಮೊದಲೇ ಕೊಂಡವರು ಭಾಂಡೆಯವರೆಗೆ ಬರುವುದೇ ಇಲ್ಲ, ಅದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಹುಬ್ಬಳ್ಳಿ-ಧಾರವಾಡದಾಗ ಎಲ್ಲಿ ಸಿಗ್ತಾವ? ಅಲ್ಲೇ ಮಾಡಿದ್ದಿರ್ತಾವೇನು?

ಹುಬ್ಬಳ್ಳಿಯಲ್ಲಿ ದುರ್ಗದ ಬೈಲು, ಕಂಚಗಾರ ಗಲ್ಲಿಯ ಸುತ್ತಿನ ಹಳೇ ಪೇಟೆಯಿಂದ ಹುಡುಕಾಟ ಸುರು ಮಾಡಿ. ಧಾರವಾಡದಲ್ಲಿ ಸುಭಾಸ ರಸ್ತೆಯ ಪೇಟೆ. ಗದಗ, ಹಾವೇರಿ, ರಾಣೆಬೆನ್ನೂರಿನಲ್ಲೂ ಹಳೇ ಪೇಟೆಯ ಭಾಂಡೆ ಅಂಗಡಿಯೇ ದಾರಿ. ಹೊಸ ಬಡಾವಣೆಯ ಗಿಫ್ಟ್ ಅಂಗಡಿಗಳಲ್ಲಿ ಹೊಳಪು ಸಿಗುತ್ತದೆ, ತೂಕ ಸಿಗುವುದಿಲ್ಲ.

ಅಂಗಡಿಯಲ್ಲಿ ಕಾಣುವುದೆಲ್ಲ ಇಲ್ಲೇ ಬಡಿದದ್ದಲ್ಲ. ಎರಕದ ಹಿತ್ತಾಳೆಗೆ ಉತ್ತರ ಪ್ರದೇಶದ ಮೊರಾದಾಬಾದ್, ಬಡಿದ ತಾಮ್ರಕ್ಕೆ ಪುಣೆಯ ತಾಂಬಟ ಆಳಿ, ದೀಪಕ್ಕೆ ತಮಿಳುನಾಡಿನ ನಾಚಿಯಾರ್‌ಕೋಯಿಲ್ ಹೆಸರಾದ ಜಾಗಗಳು. ಪಂಜಾಬಿನ ಜಂಡಿಯಾಲಾ ಗುರು ಊರಿನ ಠಠೇರರ ಭಾಂಡೆ ಬಡಿಯುವ ಕಸುಬನ್ನು 2014ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲಿಯದೆಂದು ಕೇಳಿದರೆ ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ತಿಳಿದವರು ಬಂದಿದ್ದಾರೆಂದು ಒಳಗಿನ ಮಾಲು ತೆಗೆದು ತೋರಿಸುತ್ತಾರೆ.

ದರ ಕೇಳುವಾಗ ಲೋಹದ ಕಿಲೋ ದರ ಬೇರೆ, ಮಜೂರಿ ಬೇರೆ ಹೇಳಲು ಹೇಳಿ. ತಗಡಿನ ದಪ್ಪವನ್ನೂ ಕೇಳಿ. ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ತಗಡು ದಪ್ಪ: 18 ಗೇಜ್ ಎಂದರೆ 1.2 ಮಿ.ಮೀ., 20 ಎಂದರೆ 0.9, 24 ಎಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಒಲೆಯ ಮೇಲೆ ಇಡುವುದಕ್ಕೆ 20ಕ್ಕಿಂತ ತೆಳ್ಳಗಿನದು ಬೇಡ.

ಕೈಲೆ ಬಡದದ್ದೋ, ಮಷೀನಿಂದೋ? ಅಂಗಡ್ಯಾವ ಎಲ್ಲಾ ಕೈಕೆಲಸಾನs ಅಂತಾನ.

ಭಾಂಡೆಯೊಳಗೆ ಕೈಹಾಕಿ ಗೋಡೆಯನ್ನು ಸವರಿ. ಕೈಯಿಂದ ಬಡಿದದ್ದರಲ್ಲಿ ಹೊರಗಿನ ಪ್ರತಿ ಸುತ್ತಿಗೆ ಏಟಿನ ಸುಳಿವು ಒಳಗೂ ಬೆರಳಿಗೆ ತಾಗುತ್ತದೆ. ಏಟುಗಳು ಸಾಲಾಗಿ ಬಂದರೂ ಒಂದರ ಹಾಗೆ ಒಂದು ಇರುವುದಿಲ್ಲ. ಕಂಠದ ತಿರುವಿನಲ್ಲಿ ಸಣ್ಣವು, ಹೊಟ್ಟೆಯ ಮೇಲೆ ಅಗಲ. ಅಚ್ಚಿನಲ್ಲಿ ಒತ್ತಿದ ನಕಲಿ ಗುರುತುಗಳು ಎಲ್ಲ ಕಡೆ ಒಂದೇ ಅಳತೆ. ಯಂತ್ರದ ಮೇಲೆ ತಿರುಗಿಸಿ ಎಳೆದ ಪಾತ್ರೆಯಲ್ಲಿ ಬಾಯಿಂದ ತಳದವರೆಗೆ ಸುತ್ತು ಸುತ್ತಿನ ಸಣ್ಣ ಗೆರೆಗಳಿರುತ್ತವೆ.

ಸುತ್ತಿಗೆ ಏಟು ಬರೀ ಅಲಂಕಾರವಲ್ಲ. ತಾಮ್ರವನ್ನು ಬೆಂಕಿಯಲ್ಲಿ ಕಾಯಿಸಿದರೆ ಮೆತ್ತಗಾಗುತ್ತದೆ, ಬಡಿದರೆ ಗಟ್ಟಿಯಾಗುತ್ತದೆ. ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು ಆಕಾರಕ್ಕೆ ತಂದು, ಕೊನೆಯ ಸುತ್ತಿನ ಏಟುಗಳಲ್ಲಿ ಗೋಡೆಗೆ ಬಿಗಿ ಕೊಡುತ್ತಾರೆ. ಆ ಬಿಗಿ ಇದ್ದುದಕ್ಕೇ ಹಳೇ ಕೊಡಗಳು ಬಾವಿಕಟ್ಟೆಗೆ ಬಡಿದರೂ ಹೊಟ್ಟೆ ಒಳಗೆ ಹೋಗುತ್ತಿರಲಿಲ್ಲ.

ಹಳೇ ಕೊಡ, ಹಂಡೆಗಳಲ್ಲಿ ಎರಡು ತಗಡು ಕೂಡುವ ಕಡೆ ಹಲ್ಲಿಗೆ ಹಲ್ಲು ಕೂಡಿಸಿದಂಥ ಬೆಸುಗೆಯ ಗೆರೆ ಕಾಣುತ್ತದೆ. ಅದನ್ನು ಬಿರುಕೆಂದು ತಿಳಿದು ಕಡಿಮೆ ಬೆಲೆಗೆ ಕೊಟ್ಟವರಿದ್ದಾರೆ. ಅದೇ ಕೈಕೆಲಸದ ಅತಿ ಒಳ್ಳೆಯ ಸಾಕ್ಷಿ.

## ದಿನಬಳಕೆ

ರಾತ್ರಿ ತಾಮ್ರದಾಗ ನೀರಿಟ್ಟು ಮುಂಜಾನೆ ಕುಡದ್ರ ಎಲ್ಲಾ ರೋಗ ಹೋಗ್ತಾವಂತ, ಖರೇನ?

ಎಲ್ಲ ರೋಗ ಹೋಗುವುದಿಲ್ಲ. ಆದರೆ ಹಿರಿಯರ ರೂಢಿಯಲ್ಲಿ ಹುರುಳಿದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲರಾ, ಆಮಶಂಕೆ, ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದರು. ಬೆಳೆಯಬಲ್ಲ ಒಂದು ಬ್ಯಾಕ್ಟೀರಿಯಾವೂ ಸಿಗಲಿಲ್ಲ. ನೀರಿಗೆ ಇಳಿದ ತಾಮ್ರವೂ ಮಿತಿಯೊಳಗೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ, ಬೇರೆ ನೀರು ಸಿಗದಿದ್ದಾಗ ಒಪ್ಪಬಹುದಾದ ಮೇಲ್ಮಿತಿ 1.5.

ಹುಬ್ಬಳ್ಳಿಯಲ್ಲಿ ನಳದ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಓಣಿಗಳಿವೆ. ಅಲ್ಲಿ ಕೆಲವರು ತಾಮ್ರದ ಕೊಡ ತುಂಬಿ ನಾಲ್ಕೈದು ದಿನ ಅದೇ ನೀರು ಕುಡಿಯುತ್ತಾರೆ. ಅದು ಬೇಡ. ಸಂಗ್ರಹಕ್ಕೆ ಬೇರೆ ಪಾತ್ರೆ ಇರಲಿ, ತಾಮ್ರಕ್ಕೆ ಆಯಾ ದಿನದ ನೀರು ಮಾತ್ರ. ಮುಂಜಾನೆ ಖಾಲಿ ಮಾಡಿ, ಒಳಗೆ ತಿಕ್ಕಿ, ಸಂಜೆ ತುಂಬಿ. ಲಿಂಬೆರಸ, ಜೇನು, ಜೀರಿಗೆ ಏನನ್ನೂ ಅದರೊಳಗೆ ಹಾಕಬೇಡಿ. ಬೇಕಿದ್ದರೆ ಲೋಟಕ್ಕೆ ಹಾಕಿಕೊಳ್ಳಿ. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಇರುವವರು ಈ ನೀರನ್ನು ಮುಟ್ಟಲೇಬಾರದು.

ನಮ್ಮದು ಮುಂಡರಗಿ ಕಡೆ. ಬೋರ್ ನೀರಿನಾಗಿನ ಫ್ಲೋರೈಡ್ ತಾಮ್ರದ ಕೊಡದಾಗ ಹೋಗ್ತದೇನ್ರಿ?

ಹೋಗುವುದಿಲ್ಲ. ತಾಮ್ರ ಕೆಲಸ ಮಾಡುವುದು ಜೀವಾಣುಗಳ ಮೇಲೆ. ಫ್ಲೋರೈಡ್, ನೈಟ್ರೇಟ್, ಗಡಸುತನ ಮೂರೂ ಕೊಡದಲ್ಲಿ ಹೇಗಿದ್ದವೋ ಹಾಗೇ ಉಳಿಯುತ್ತವೆ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಸಾಂದ್ರವಾಗುತ್ತದೆ. ಗದಗ ಜಿಲ್ಲೆಯಲ್ಲಿ ಹಲ್ಲಿಗೆ ಕಲೆ ಬಿದ್ದ ಮಕ್ಕಳನ್ನು ನೋಡಿದವರು ಈ ವಿಷಯದಲ್ಲಿ ಸಮಾಧಾನದ ಮಾತು ನಂಬಬಾರದು. ಶುದ್ಧೀಕರಣ ಘಟಕದ ನೀರು ತನ್ನಿ, ಆಮೇಲೆ ತಾಮ್ರದಲ್ಲಿ ಇಡಿ.

ಹಿತ್ತಾಳಿ ಬೋಗುಣ್ಯಾಗ ಏನ್ ಮಾಡಬಾರ್ದು? ಅತ್ತಿ ಒಂದ್ ಹೇಳ್ತಾರ, ಅವ್ವ ಒಂದ್ ಹೇಳ್ತಾಳ.

ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಬೇಡ. ಪುಂಡಿಪಲ್ಲೆ, ಕಟ್ಟಿನ ಸಾರು, ಹುಣಸೆ ಬಿಟ್ಟ ಎಣ್ಣೆಗಾಯಿ, ಮಜ್ಜಿಗೆ, ಹುಳಿ ಅಂಬಲಿ, ಉಪ್ಪಿನಕಾಯಿ ಇವೆಲ್ಲ ಲೋಹವನ್ನು ಕರಗಿಸಿಕೊಳ್ಳುತ್ತವೆ. ಬಾಯಿಗೆ ಒಗರು, ಆಮೇಲೆ ಹೊಟ್ಟೆ ತೊಳೆಸುವುದು, ವಾಂತಿ. ಕಲಾಯಿ ಗಟ್ಟಿ ಇದ್ದರೆ ಅಡುಗೆ ಮಾಡಬಹುದು, ಆದರೆ ಮಾಡಿದ ಮೇಲೆ ಬೇರೆ ಪಾತ್ರೆಗೆ ತೆಗೆಯಿರಿ. ಗೋಧಿ ಹುಗ್ಗಿ, ಅನ್ನ, ಬೇಳೆ, ಹೂರಣಕ್ಕೆ ಕಲಾಯಿ ಹಾಕಿದ ಹಿತ್ತಾಳೆಯಂಥ ಪಾತ್ರೆ ಇನ್ನೊಂದಿಲ್ಲ. ಕಾವು ಎಲ್ಲ ಕಡೆ ಒಂದೇ ಸಮ ಹರಡುವುದರಿಂದ ತಳ ಹಿಡಿಯುವುದು ಕಡಿಮೆ.

ತುಪ್ಪ, ಎಣ್ಣೆಯನ್ನು ಬರೀ ತಾಮ್ರದಲ್ಲಿ ಕೂಡಿಡಬೇಡಿ. ತಾಮ್ರ ತಾಗಿದ ಜಿಡ್ಡು ಬೇಗ ಕಮಟುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಕೂಸಿನ ಹಾಲು. ಒಂದು ಕಾಲಕ್ಕೆ ನಮ್ಮ ದೇಶದ ಸಣ್ಣ ಮಕ್ಕಳಲ್ಲಿ ಯಕೃತ್ತು ಗಟ್ಟಿಯಾಗಿ ಜೀವಕ್ಕೇ ಬರುವ ಕಾಯಿಲೆ ಇತ್ತು. ಪುಣೆಯ ವೈದ್ಯರು ಬ್ರಿಟನ್ನಿನ ವೈದ್ಯರ ಜೊತೆ ಸೇರಿ 1983ರಲ್ಲಿ ಅದಕ್ಕೂ, ಕಲಾಯಿ ಇಲ್ಲದ ಹಿತ್ತಾಳೆ-ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಆಕಳ, ಎಮ್ಮೆಯ ಹಾಲಿಗೂ ನಂಟು ಇರಬಹುದೆಂದು ತೋರಿಸಿದರು. ಪಾತ್ರೆ ಬದಲಾದ ಹಾಗೆ ಆ ಕಾಯಿಲೆಯೂ ಕಡಿಮೆಯಾಯಿತು. ಅಜ್ಜಿಯ ಹಿತ್ತಾಳೆ ಗಿಂಡಿಯಲ್ಲಿ ಕೂಸಿಗೆ ಹಾಲು ಕಾಯಿಸುವ ಆಸೆ ನಿಮಗಿದ್ದರೆ ಅದನ್ನು ಬಿಡಿ. ಗಿಂಡಿ ದೇವರ ಮನೆಯಲ್ಲಿರಲಿ.

ಕಲಾಯಿ ಅಂದ್ರ ಏನು? ಎಷ್ಟು ದಿನಕ್ಕೊಮ್ಮೆ ಹಾಕಿಸ್ಬೇಕು?

ಪಾತ್ರೆಯ ಒಳಗೆ ತವರದ ತೆಳು ಪದರ ಕೂಡಿಸುವುದೇ ಕಲಾಯಿ. ಕಲಾಯಿಯವರು ಮೊದಲು ಒಳಗಿನ ಜಿಡ್ಡು, ಕಿಲುಬನ್ನೆಲ್ಲ ತಿಕ್ಕಿ ತೆಗೆಯುತ್ತಾರೆ. ನೆಲದಲ್ಲಿ ಇದ್ದಿಲ ಕುಣಿ ಮಾಡಿ, ತಿದಿ ಊದಿ, ಪಾತ್ರೆಯನ್ನು ತಿರುಗಿಸುತ್ತ ಕಾಯಿಸುತ್ತಾರೆ. ಕಾದ ಮೈಗೆ ನವಸಾಗರದ ಪುಡಿ ಉದುರಿಸಿದರೆ ಭುಗ್ಗನೆ ಬಿಳಿ ಹೊಗೆ ಏಳುತ್ತದೆ. ಆ ಹೊಗೆಯೇ ಲೋಹದ ಮೈಯನ್ನು ಶುದ್ಧ ಮಾಡುವುದು. ಆ ಗಳಿಗೆಯಲ್ಲೇ ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಂದೇ ಸವನೆ ಒರೆಸಿದರೆ ಕೆಂಪು ಪಾತ್ರೆ ಕಣ್ಣೆದುರಿಗೇ ಬೆಳ್ಳಗಾಗುತ್ತದೆ. ತಡಮಾಡಿದರೆ ತವರ ಗಂಟುಗಟ್ಟುತ್ತದೆ, ಅವಸರ ಮಾಡಿದರೆ ಹಿಡಿಯುವುದಿಲ್ಲ. ಕೊನೆಗೆ ನೀರಿನಲ್ಲಿ ಅದ್ದುತ್ತಾರೆ. ನೋಡಲು ನಿಂತರೆ ಗಾಳಿ ಬೀಸಿ ಬರುವ ಕಡೆ ನಿಲ್ಲಿ, ಆ ಹೊಗೆ ಗಂಟಲಿಗೆ ಒಳ್ಳೆಯದಲ್ಲ.

ಇಷ್ಟೇ ದಿನ ಎಂಬ ಲೆಕ್ಕವಿಲ್ಲ. ದಿನಾ ಅಡುಗೆ ಮಾಡುವ ಪಾತ್ರೆಗೆ ಆರು ತಿಂಗಳಿಂದ ಒಂದು ವರ್ಷ ಬರಬಹುದು. ಒಳಗೆ ಕೆಂಪು ಅಥವಾ ಹಳದಿ ಇಣುಕಿದ ದಿನ ಕಲಾಯಿ ಮುಗಿಯಿತೆಂದೇ ತಿಳಿಯಿರಿ. ಬಾಳಿಕೆ ಬರಬೇಕೆಂದರೆ ಕಬ್ಬಿಣದ ಸೌಟು, ತಂತಿಯ ಉಜ್ಜು ಎರಡನ್ನೂ ದೂರವಿಡಿ. ಕಟ್ಟಿಗೆಯ ಸೌಟು ಬಳಸಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಖಾಲಿ ಪಾತ್ರೆ ದೊಡ್ಡ ಉರಿಯ ಮೇಲೆ ಆ ಕಾವನ್ನು ಬಹಳ ಬೇಗ ಮುಟ್ಟುತ್ತದೆ. ಒಗ್ಗರಣೆಗೆ ಮೊದಲು ಎಣ್ಣೆ ಹಾಕಿ, ಆಮೇಲೆ ಒಲೆ ಹಚ್ಚಿ.

ಓಣಿಗೆ ಕಲಾಯಿಯವರು ಬಂದರೆ ಒಂದೇ ಪಾತ್ರೆ ಹಿಡಿದು ಹೋಗಬೇಡಿ. ನೆರೆಮನೆಯವರನ್ನೂ ಕೂಗಿ. ಒಂದು ಪಾತ್ರೆಗೆ ಹೊತ್ತಿಸಿದ ಇದ್ದಿಲಿನಲ್ಲಿ ಇಡೀ ಓಣಿಯ ಪಾತ್ರೆ ಆಗುತ್ತದೆ, ಅವರಿಗೂ ದಿನದ ದುಡಿಮೆ ಗಿಟ್ಟುತ್ತದೆ. ಮುಂದಿನ ವರ್ಷ ಅವರು ಅದೇ ಓಣಿಗೆ ಬರುವುದು ಆ ಗಿಟ್ಟುವಿಕೆಯ ಮೇಲೆ ನಿಂತಿದೆ. ಕಲಾಯಿಯವರು ಬಾರದ ಊರಿನಲ್ಲಿ ಹಿತ್ತಾಳೆ ಅಡುಗೆಯೂ ನಿಲ್ಲುತ್ತದೆ.

ಕಲಾಯಿಗೆ ಸೀಸ ಬೆರಸ್ತಾರಂತ ಹೆದರಿಕಿ ಐತಿ. ಹೆಂಗ ನೋಡಬೇಕು?

ಹೆದರಿಕೆ ಸರಿಯಾದದ್ದೇ. ಸೀಸ ಅಗ್ಗ, ತವರ ತುಟ್ಟಿ, ಎರಡೂ ಬೆರೆತರೆ ಇನ್ನೂ ಕಡಿಮೆ ಕಾವಿಗೆ ಕರಗುತ್ತವೆ. ಕೆಲಸ ಸುರು ಮಾಡುವ ಮೊದಲೇ ತವರದ ಕಡ್ಡಿ ಕೈಗೆ ಇಸಿದುಕೊಂಡು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ಚೊಕ್ಕ ತವರ ಬಗ್ಗುವಾಗ ಒಳಗಿಂದ ಚಟಚಟ ಸದ್ದು ಬರುತ್ತದೆ. ಸೀಸ ಮೌನವಾಗಿ ಬಗ್ಗುತ್ತದೆ. ಬಿಳಿ ಕಾಗದದ ಮೇಲೆ ಕಡ್ಡಿ ಎಳೆದರೆ ಸೀಸ ಹೆಚ್ಚಿರುವುದು ಪೆನ್ಸಿಲಿನಂತೆ ಬೂದು ಗೆರೆ ಬಿಡುತ್ತದೆ. ಇವು ಮೇಲ್ನೋಟದ ಪರೀಕ್ಷೆ, ಸ್ವಲ್ಪವೇ ಬೆರೆಸಿದ್ದನ್ನು ಹಿಡಿಯಲಾರವು. ಪ್ರಯೋಗಾಲಯದ ವರದಿಯಷ್ಟೇ ಕೊನೆಯ ಮಾತು. ನಾನು ಹೇಳುವ ದಾರಿ ಬೇರೆ: ತವರವನ್ನು ನೀವೇ ಒಳ್ಳೆಯ ಅಂಗಡಿಯಿಂದ ಬಿಲ್ಲು ಸಮೇತ ತಂದು ಕೊಡಿ, ಕಲಾಯಿಯವರಿಗೆ ಮಜೂರಿ ಮಾತ್ರ ಕೊಡಿ. ಯಾರೂ ಬೇಡವೆನ್ನುವುದಿಲ್ಲ.

ಇಂಡಕ್ಷನ್ ಮ್ಯಾಲ ನಡೀತಾವೇನ್ರಿ?

ನಡೆಯುವುದಿಲ್ಲ. ತಾಮ್ರ, ಹಿತ್ತಾಳೆಗೆ ಆಯಸ್ಕಾಂತ ಹಿಡಿಯುವುದಿಲ್ಲ, ಮಾಮೂಲಿ ಇಂಡಕ್ಷನ್ ಒಲೆಗೆ ಅದು ಬೇಕು. ಗ್ಯಾಸ್, ಕಟ್ಟಿಗೆ ಒಲೆ ಎರಡೂ ಸರಿ. ಮೈಕ್ರೋವೇವ್, ಡಿಶ್‌ವಾಷರ್ ಎರಡೂ ಬೇಡ.

ಅಜ್ಜನ ಕಾಲದ, ನೀರು ಕಾಸೂ ತಾಮ್ರದ ಬಂಬ್ ಐತಿ. ಮತ್ತ ಹಚ್ಚಬಹುದಾ?

ಹಚ್ಚಬಹುದು, ಆದರೆ ಮೊದಲು ತುಂಬ ನೀರು ತುಂಬಿ ಒಂದು ದಿನ ಸುಮ್ಮನೆ ಬಿಡಿ. ಕೆಳಗೆ ಹಳೇ ರಟ್ಟು ಹಾಸಿದ್ದರೆ ಎಲ್ಲಿ ಜಿನುಗುತ್ತದೆ ಎಂಬುದು ಕಲೆಯಿಂದ ಗೊತ್ತಾಗುತ್ತದೆ. ನಡುವಿನ ಬೆಂಕಿಕೊಳವೆ ಮತ್ತು ತಳ ಕೂಡುವ ಬೆಸುಗೆಯೇ ಮೊದಲು ಸೋಲುವುದು. ಒಳಗೆ ನೀರಿಲ್ಲದೆ ಎಂದೂ ಕೆಂಡ ಹಾಕಬೇಡಿ, ಬೆಸುಗೆ ಕರಗಿ ಬಂಬ್ ಕೈಬಿಡುತ್ತದೆ. ಬೋರ್ ನೀರಿನ ಬಿಳಿ ಗಟ್ಟು ಕೊಳವೆಯ ಸುತ್ತ ಕಟ್ಟಿದ್ದರೆ ಕಟ್ಟಿಗೆ ಹೆಚ್ಚು ಬೇಕು, ನೀರು ತಡವಾಗಿ ಕಾಯುತ್ತದೆ. ಲಿಂಬೆಹುಳಿಯ ಪುಡಿಯನ್ನು ಬೆಚ್ಚಗಿನ ನೀರಿಗೆ ಹಾಕಿ ಅರ್ಧ ತಾಸು ಬಿಟ್ಟರೆ ಗಟ್ಟು ಸಡಿಲಾಗುತ್ತದೆ. ಉಳಿ, ಸುತ್ತಿಗೆ ಹಚ್ಚಬೇಡಿ. ನಲ್ಲಿ ತಿರುಗದಿದ್ದರೆ ಬಲ ಹಾಕದೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.

ಬಂಬಿನ ನೀರು ಸ್ನಾನಕ್ಕೆ. ಅದನ್ನು ಕುಡಿಯಬೇಡಿ, ಹಳೇ ಬೆಸುಗೆಯಲ್ಲಿ ಸೀಸ ಇರಬಹುದು.

## ತಿಕ್ಕುವುದು, ಕಾಯುವುದು

ಹುಣಸಿಹಣ್ಣು ಛಲೋನೋ, ಪೀತಾಂಬರಿ ಛಲೋನೋ?

ಎರಡರ ಕೆಲಸವೂ ಮೇಲಿನ ಕಪ್ಪು ಪದರ ಕರಗಿಸುವುದೇ. ಹುಣಸೆಯ ಹುಳಿಗೆ ಚಿಟಿಕೆ ಉಪ್ಪು ಸೇರಿದರೆ ಕೆಲಸ ಬೇಗ ಆಗುತ್ತದೆ. ನೀರಿನ ತಂಬಿಗೆಗೆ, ಅಡುಗೆ ಪಾತ್ರೆಗೆ ಹುಣಸೆ ಅಥವಾ ಲಿಂಬೆಹಣ್ಣಿನ ಸಿಪ್ಪೆ ಸಾಕು. ಕಲಾಯಿ ಹಾಕಿದ ಒಳಮೈಗೆ ಬರೀ ಸೋಪು, ಮೆತ್ತಗಿನ ಬಟ್ಟೆ. ವರ್ಷಕ್ಕೊಮ್ಮೆ ಇಳಿಯುವ ಹಂಡೆ, ಸಮೆಗಳಿಗೆ ಪೀತಾಂಬರಿ ಪುಡಿ ಆರಾಮ.

ಜನ ತಪ್ಪುವುದು ತಿಕ್ಕುವುದರಲ್ಲಲ್ಲ, ಆಮೇಲೆ. ಬೆಳಗಿದ ಪಾತ್ರೆಯನ್ನು ಬಿಸಿಲಿಗೆ ಬೋರಲು ಹಾಕಿ ತಾನಾಗಿ ಆರಲು ಬಿಟ್ಟರೆ ಸಂಜೆಗೆ ಹನಿ ಹನಿ ಕಲೆ ಬಿದ್ದಿರುತ್ತದೆ. ತೊಳೆದ ಕೂಡಲೇ ಒಣಬಟ್ಟೆಯಿಂದ ಒರೆಸಿ. ಬಾಯಂಚಿನ ಮಡಿಕೆಯೊಳಗೆ ಹುಳಿ ಉಳಿದರೆ ಅಲ್ಲಿಂದಲೇ ಹಸಿರು ಕಿಲುಬು ಏಳುತ್ತದೆ. ಇಟ್ಟಂಗಿ ಪುಡಿ, ಮರಳು ಬಳಸಬೇಡಿ; ಹಿರಿಯರು ಬಳಸುತ್ತಿದ್ದರು ನಿಜ, ಹಾಗೆಂದೇ ಹಳೇ ಚರಿಗೆಗಳ ಮೇಲಿನ ಹೆಸರು ಓದಲಾಗದಷ್ಟು ಸವೆದಿದೆ.

ತಿಕ್ಕಿದಷ್ಟೂ ಹಿತ್ತಾಳಿ ಮ್ಯಾಲ ಗುಲಾಬಿ ಕಲಿ ಕಾಣಿಸ್ತಾವ. ಯಾಕ?

ಆ ಜಾಗದಲ್ಲಿ ಸತು ಹೋಗಿ ತಾಮ್ರವಷ್ಟೇ ಉಳಿದಿದೆ. ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಹೀಗಾಗುತ್ತದೆ. ಹೋದ ಸತು ಮರಳಿ ಬಾರದು. ಮೆತ್ತಗಿನ ಪಾಲಿಶ್‌ನಿಂದ ಕಲೆಯನ್ನು ಸ್ವಲ್ಪ ಮಾಸಿಸಬಹುದು. ಇನ್ನು ಮುಂದೆ ಹುಣಸೆ ಹಚ್ಚಿದರೆ ಕೆಲವೇ ನಿಮಿಷ.

ಯಾರೂ ಮುಟ್ಟಿಲ್ಲ, ಬಿದ್ದಿಲ್ಲ. ಹೊಲದಮನ್ಯಾಗ ಇಟ್ಟ ಹಿತ್ತಾಳಿ ಕೊಡ ತಾನs ಸೀಳೇತಿ!

ಅದನ್ನು ಎಲ್ಲಿ ಇಟ್ಟಿದ್ದಿರಿ? ಯೂರಿಯಾ ಚೀಲದ ಪಕ್ಕ, ದನದ ಕೊಟ್ಟಿಗೆಯ ಗೋಡೆಗೆ ಹೊಂದಿಸಿ ಇಟ್ಟಿದ್ದರೆ ಕಾರಣ ಅಲ್ಲೇ ಇದೆ. ಗಂಜಳದಿಂದ, ತೇವ ಹಿಡಿದ ಯೂರಿಯಾದಿಂದ ಅಮೋನಿಯಾ ಏಳುತ್ತದೆ. ಬಡಿದು ಅಥವಾ ಎಳೆದು ಮಾಡಿದ ಹಿತ್ತಾಳೆಯ ಒಳಗೆ ಬಿಗಿ ಉಳಿದಿರುತ್ತದೆ. ಬಿಗಿಯೂ ಅಮೋನಿಯಾವೂ ಕೂಡಿದರೆ ಹಿತ್ತಾಳೆ ಏಟಿಲ್ಲದೆ ಸೀಳುತ್ತದೆ. ಬ್ರಿಟಿಷ್ ಸೈನ್ಯಕ್ಕೆ ಇದೇ ತಲೆನೋವು ನಮ್ಮ ದೇಶದ ಮಳೆಗಾಲದಲ್ಲಿ ಬಂದಿತ್ತು: ಕುದುರೆ ಲಾಯದಲ್ಲಿ ಇಟ್ಟ ಬಂದೂಕಿನ ತೋಟಾಗಳ ಹಿತ್ತಾಳೆ ಕೋಶಗಳು ತಾವಾಗಿ ಬಿರಿಯುತ್ತಿದ್ದವು. ಕುದುರೆಯ ಮೂತ್ರದ ಅಮೋನಿಯಾ ಕಾರಣವೆಂದು 1921ರಲ್ಲಿ ವಿವರಣೆ ಸಿಕ್ಕಿತು. ಭಾಂಡೆಯನ್ನು ಗೊಬ್ಬರ, ಕೊಟ್ಟಿಗೆಯಿಂದ ದೂರ, ಹಳೇ ಧೋತರದಲ್ಲಿ ಸುತ್ತಿ ಒಣ ಕೋಣೆಯಲ್ಲಿ ಇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕ ಕಪ್ಪು ಪಟ್ಟಿ ಬರೆಯುತ್ತದೆ.

ಹೊಸಾ ತಾಮ್ರದ ಬಾಟ್ಲಿ ಕಪ್ಪs ಆಗವಲ್ದು. ಒಳ್ಳೇ ಮಾಲೇನು?

ತಿಂಗಳುಗಟ್ಟಲೆ ಹೊಸದರಂತೆಯೇ ಹೊಳೆಯುತ್ತಿದ್ದರೆ ಮೇಲೆ ಮೆರುಗೆಣ್ಣೆ ಬಳಿದಿದ್ದಾರೆ. ಹೊರಗಷ್ಟೇ ಇದ್ದರೆ ಚಿಂತೆಯಿಲ್ಲ. ಒಳಗೂ ಇದ್ದರೆ ನೀರಿಗೆ ತಾಮ್ರ ತಾಗುವುದೇ ಇಲ್ಲ, ಕೊಂಡದ್ದು ವ್ಯರ್ಥ. ಅಲಂಕಾರಕ್ಕೆ ಮೆರುಗು ಹಚ್ಚಿದ ಪಾತ್ರೆಯಲ್ಲಂತೂ ತಿನ್ನುವ ಪದಾರ್ಥ ಹಾಕಬೇಡಿ.

## ಸಂಗ್ರಹ ಮಾಡುವವರಿಗೆ

ಇದು ಎಷ್ಟು ವರ್ಷದ್ದು ಅಂತ ಹೇಳ್ತೀರಾ?

ಬಣ್ಣ ನೋಡಿ ಯಾರೂ ಹೇಳಲಾರರು; ಹೇಳಿದರೆ ನಂಬಬೇಡಿ. ಅಕ್ಷರ ನೋಡಿ. ನಮ್ಮ ಕಡೆ ಭಾಂಡೆಯ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು, ಊರು, ಯಾರ ಮದುವೆಗೆ ಯಾರು ಕೊಟ್ಟರು ಎಂಬುದನ್ನು ಕೆತ್ತಿಸುವ ರೂಢಿ. ಇದಕ್ಕಿಂತ ನಂಬಿಕೆಯ ಸಾಕ್ಷಿ ಇನ್ನೊಂದಿಲ್ಲ.

"ತಾ. ಗದಗ, ಜಿ. ಧಾರವಾಡ" ಅಥವಾ "ಹಾವೇರಿ, ಜಿ. ಧಾರವಾಡ" ಎಂದಿದ್ದರೆ 1997ಕ್ಕಿಂತ ಹಿಂದಿನದು; ಆ ವರ್ಷವೇ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಮೈಸೂರು ರಾಜ್ಯ ಎಂದಿದ್ದರೆ 1956ರಿಂದ 1973ರ ನಡುವಿನದು. ದೇವನಾಗರಿಯಲ್ಲೋ ಮೋಡಿ ಲಿಪಿಯಲ್ಲೋ ಹೆಸರಿದ್ದರೆ ಬೆರಗಾಗಬೇಡಿ, ಈ ಭಾಗ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಶಕೆಯ ವರ್ಷ ಕೆತ್ತಿದ್ದರೆ 78 ಕೂಡಿಸಿ: ಶಕೆ 1865 ಎಂದರೆ 1943, ಸಂಕ್ರಾಂತಿ-ಶಿವರಾತ್ರಿಯ ಹೊತ್ತಿನದಾದರೆ 1944. ಬೆಲೆ ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ಕ್ಕಿಂತ ಮೊದಲಿನದು.

ತೂಕವೂ ಮಾತಾಡುತ್ತದೆ. ಸೇರು, ತೊಲೆಯಲ್ಲಿ ಕೆತ್ತಿದ್ದರೆ ಅದು ಕಿಲೋ ಪದ್ಧತಿ ಪೂರ್ತಿ ಜಾರಿಯಾದ 1960ರ ದಶಕದ ಆರಂಭಕ್ಕಿಂತ ಹಿಂದಿನದಿರಬಹುದು. ಸರಕಾರಿ ಲೆಕ್ಕದಲ್ಲಿ 80 ತೊಲೆಗೆ ಒಂದು ಸೇರು, ಅಂದರೆ 933 ಗ್ರಾಂ. ಈಗ ತೂಗಿ ನೋಡಿದರೆ ಇಷ್ಟು ವರ್ಷ ತಿಕ್ಕಿದ್ದರಲ್ಲಿ ಎಷ್ಟು ಲೋಹ ಸವೆದಿದೆ ಎಂಬುದೂ ತಿಳಿಯುತ್ತದೆ.

ಹಳೇದಕ್ಕ ಫಳಫಳ ಪಾಲಿಶ್ ಮಾಡಿಸಿದ್ರ ಬೆಲಿ ಹೆಚ್ಚಾಗ್ತದ?

ಮೋಟಾರ್ ಚಕ್ರದ ಪಾಲಿಶ್ ಒಮ್ಮೆ ತಾಗಿದರೆ ಸುತ್ತಿಗೆ ಗುರುತಿನ ಏಣು, ಕೆತ್ತಿದ ಅಕ್ಷರ, ತಲೆಮಾರುಗಳ ಕೈ ತಾಗಿ ಬಂದ ಕಂದು ಮೆರುಗು ಮೂರೂ ಹೋಗುತ್ತವೆ. ಬಳಸುವ ಭಾಂಡೆಯನ್ನು ಕೈಯಿಂದ ಬೆಳಗಿ. ಇಟ್ಟು ನೋಡುವ ಭಾಂಡೆಯ ಧೂಳು ಒರೆಸಿ, ಹಸಿರು ಪುಡಿ ಏಳುತ್ತಿದ್ದರೆ ಅದನ್ನು ಕಟ್ಟಿಗೆಯ ಕಡ್ಡಿಯಿಂದ ತೆಗೆದು ಒಣಗಿಸಿ, ಅಷ್ಟೇ.

ಖರೇ ಹಿತ್ತಾಳೀನ, ಒಳಗ ಬ್ಯಾರೆ ಲೋಹ ಐತೋ, ಮನ್ಯಾಗs ನೋಡೂ ಉಪಾಯ ಐತೇನು?

ಮೊದಲು ಆಯಸ್ಕಾಂತ. ಹಿಡಿದರೆ ಒಳಗೆ ಕಬ್ಬಿಣ. ಹಿಡಿಯದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಭಾಂಡೆಯ ತೂಕ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಭಾಂಡೆಗೆ ದಾರ ಕಟ್ಟಿ, ಗಾಳಿಗುಳ್ಳೆ ಉಳಿಯದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದಂತೆ ಹಿಡಿಯಿರಿ. ಈಗ ತೋರಿಸುವ ಗ್ರಾಂ ಎಷ್ಟೋ ಭಾಂಡೆಯ ಗಾತ್ರ ಅಷ್ಟು ಮಿಲಿಲೀಟರ್. ಮೊದಲ ತೂಕವನ್ನು ಇದರಿಂದ ಭಾಗಿಸಿ. ತೂಕ 850 ಗ್ರಾಂ ಇದ್ದು ನೀರಿನಲ್ಲಿ 100 ಬಂದರೆ ಉತ್ತರ 8.5. ಹಿತ್ತಾಳೆಗೆ 8.4ರಿಂದ 8.7, ತಾಮ್ರಕ್ಕೆ 8.9, ಕಬ್ಬಿಣಕ್ಕೆ 7.8, ಸತುವಿಗೆ 7.1. ಹಿತ್ತಾಳೆಯೆಂದು ಕೊಂಡ ಆರತಿ ತಟ್ಟೆ 7ರ ಹತ್ತಿರ ಬಂದರೆ ಅದು ಬಣ್ಣ ಹಚ್ಚಿದ ಸತು. ಒಳಗೆ ಪೊಳ್ಳಿದ್ದು ಬಾಯಿ ಮುಚ್ಚಿದ ದೀಪದ ಕಂಬಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಹಳೇ ಮೂರ್ತಿ, ಭಾಂಡೆ ಇಟ್ಕೊಂಡ್ರ ಕಾನೂನಿನ ತ್ರಾಸ ಐತೇನ್ರಿ?

1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ಕರಕುಶಲ ವಸ್ತು ಪುರಾತನ ವಸ್ತುವಾಗುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಮುತ್ತಜ್ಜಿಯ ಸಮೆ ಕಳಿಸುವ ಮೊದಲು ಇದು ನೆನಪಿರಲಿ. ಅಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಲೋಹದ ಮೂರ್ತಿಶಿಲ್ಪಗಳನ್ನು ನೋಂದಾಯಿಸಬೇಕು. ಯಾವ ಗುಡಿಯದೆಂದು ಹೇಳದೆ ಮೂರ್ತಿ ಮಾರಲು ಬಂದವರಿಂದ ಕೊಳ್ಳಲೇಬೇಡಿ.

ನೆಲದಲ್ಲಿ ಸಿಕ್ಕದ್ದರ ಕಾನೂನು ಬೇರೆ. ಲಕ್ಕುಂಡಿಯಂಥ ಹಳೇ ಊರಿನಲ್ಲಿ ಪಾಯ ತೆಗೆಯುವಾಗ ತಾಮ್ರದ ಚರಿಗೆ ಸಿಕ್ಕರೆ, ಅದರಲ್ಲಿ ಏನಿದ್ದರೂ, 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಿಕ್ಕಬೇಡಿ, ಬಾಯಿ ಬಿಚ್ಚಬೇಡಿ, ಸಿಕ್ಕ ಜಾಗದ ಫೋಟೊ ತೆಗೆದಿಡಿ.

ಮಕ್ಕಳು ಬ್ಯಾಡಂತಾರ. ಹಂಡೆ, ಕೊಪ್ಪರಗಿ ಎಲ್ಲಾ ತೂಕಕ್ಕ ಹಾಕಿಬಿಡ್ಲ್ಯಾ?

ಗುಜರಿಯವರ ತಕ್ಕಡಿಗೆ ಅಜ್ಜಿಯ ಹೆಸರೂ ಗೊತ್ತಿಲ್ಲ, ಸುತ್ತಿಗೆ ಏಟೂ ಗೊತ್ತಿಲ್ಲ. ಎಲ್ಲವೂ ಒಂದೇ ದರ, ಅದೂ ಹೊಸ ಲೋಹಕ್ಕಿಂತ ಕಡಿಮೆ. ಆಮೇಲೆ ಎಲ್ಲವೂ ಕರಗುತ್ತವೆ. ಕೊಡಲೇಬೇಕಾದರೆ ಮೊದಲು ಬೀಗರು, ನೆಂಟರು, ಓಣಿಯ ಹೊಸ ಮದುವೆಯ ಮನೆಗಳಲ್ಲಿ ಕೇಳಿ. ಮಠ, ಗುಡಿಗಳ ದಾಸೋಹಕ್ಕೆ ಕೊಪ್ಪರಿಗೆ ಇಂದಿಗೂ ಬೇಕು. ಕಲಾಯಿ ಹಾಕಿಸಿ ಕೊಟ್ಟರೆ ಮರುದಿನವೇ ಒಲೆ ಏರುತ್ತದೆ. ಅಪರೂಪದ ಬರಹ ಇದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯವರನ್ನೋ, ಶಿಗ್ಗಾವಿ ಹತ್ತಿರ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರನ್ನೋ ಕೇಳಿ ನೋಡಿ.

ಯಾರಿಗೆ ಕೊಟ್ಟರೂ ಕೊಡುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ಭಾಂಡೆಯ ಫೋಟೊ, ತೂಕ, ಕಂಠದ ಮೇಲಿನ ಬರಹ, ಅದು ಯಾವ ಮನೆಯಿಂದ ಯಾರ ಜೊತೆ ಬಂತು ಎಂಬುದನ್ನು ಒಂದು ವಹಿಯಲ್ಲಿ ಬರೆಯಿರಿ. ಅಕ್ಷರ ಮಾಸಿದ್ದರೆ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಅಡ್ಡಹಿಡಿದು ಉಜ್ಜಿ, ಕಣ್ಣಿಗೆ ಕಾಣದ ಚುಕ್ಕೆಗಳೂ ಕಾಗದದ ಮೇಲೆ ಏಳುತ್ತವೆ. ಮನೆಯ ಹಿರಿಯರು ಇರುವಾಗಲೇ ಇದು ಆಗಬೇಕು, ಆ ಹೆಸರುಗಳು ಯಾರವೆಂದು ಹೇಳಬಲ್ಲವರು ಅವರೊಬ್ಬರೇ.